ನಾಲ್ಕು ಹೆಪ್ಪು, ಒಂದೇ ಹಾಲು

“ಮುಟ್ಟಬೇಡ!”

ಅಕ್ಕ ನನ್ನ ಕೈ ಮೇಲೆ ಪಟ್ಟನೆ ಹೊಡೆದಳು. ನಾನು ಕ್ಯಾನಿನ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿದ್ದೆ, ಅಷ್ಟೇ.

“ಅಲ್ಲಾಡಿಸಿದ್ರೆ ಹೆಪ್ಪು ಕೂರಲ್ಲ ಕಣೇ. ಚಿಕ್ಕೋಳಿದ್ದಾಗ್ಲೂ ಹೀಗೇ. ಅಮ್ಮ ಹೆಪ್ಪು ಹಾಕಿಟ್ರೆ ಗಳಿಗೆಗೊಂದ್ಸಲ ಹೋಗಿ ಇಣುಕ್ತಿದ್ದೆ. ಒಂದಿನನಾದ್ರೂ ಮನೆಯವರನ್ನ ನೆಟ್ಟಗೆ ಮೊಸರು ತಿನ್ನೋಕೆ ಬಿಟ್ಯಾ?”

“ಸಂಜೆ ನಿನ್ನ ಕೈಗೆ ಕೋಳ ಬೀಳುತ್ತೆ. ಇಣುಕ್ದೆ ಇನ್ನೇನು ಹಾಡು ಹೇಳ್ಕೊಂಡು ಕೂತಿರ್ಲಾ?”

ಅಕ್ಕ ಬೆಚ್ಚನೆ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದ ನಾಲ್ಕು ಸ್ಟೀಲ್ ಕ್ಯಾನುಗಳನ್ನು ನೋಡಿದಳು. ಥರ್ಮಾಮೀಟರನ್ನು ಎತ್ತಿ, ಒರೆಸಿ, ಓದಿ, ಮತ್ತೆ ನೀರಿಗೆ ಬಿಟ್ಟಳು. ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು.

ಇಷ್ಟು ದಿನ ಆದದ್ದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಈ ಮೊಸರಿನ ಫ್ಯಾಕ್ಟರಿಯ ದೊಡ್ಡ ತೊಟ್ಟಿಯಲ್ಲಿ ಹಾಲು ಮತ್ತೆ ಮತ್ತೆ ಹೆಪ್ಪುಗಟ್ಟದೆ ಕೆಡುತ್ತಿತ್ತು. ಯಾರು ಕೆಡಿಸುತ್ತಿದ್ದಾರೆಂದು ತನಗೆ ಗೊತ್ತಾಯಿತು ಎಂದಿದ್ದ ಹೆಪ್ಪಜ್ಜ, ಅಂದರೆ ಹೆಪ್ಪಿನ ಕೋಣೆಯಲ್ಲಿ ಅಕ್ಕನಿಗೆ ಕೆಲಸ ಕಲಿಸಿದ ಹಿರಿಯರು, ಮರುದಿನವೇ ತೊಟ್ಟಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಹಾಲು ಕೆಡಿಸಿದವಳೂ ಅಕ್ಕನೇ, ಗುಟ್ಟು ರಟ್ಟಾಗುತ್ತದೆಂದು ಅಜ್ಜನನ್ನು ತಳ್ಳಿದವಳೂ ಅಕ್ಕನೇ ಎಂದು ಇನ್ಸ್‌ಪೆಕ್ಟರು ತೀರ್ಮಾನಿಸಿದ್ದರು. ಸಂಜೆಯೊಳಗೆ ಬೇರೆಯವರ ಮೇಲೆ ಪುರಾವೆ ತಂದುಕೊಡಿ, ಇಲ್ಲದಿದ್ದರೆ ನಿಮ್ಮಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ಹೇಳಿ ಹೋಗಿದ್ದರು.

ನಾನು ವಿಮಾ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಡುವವಳು. ತಾನೇ ಬೆಂಕಿಯಿಟ್ಟ ಅಂಗಡಿ, ಕಳುವೇ ಆಗದ ಕಾರು, ಮುರಿಯದ ಕಾಲಿಗೆ ಸುತ್ತಿದ ಬ್ಯಾಂಡೇಜು, ಇಂಥವು ನನಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭ. ಆದರೆ ಅಲ್ಲೆಲ್ಲ ಸಿಕ್ಕಿಬೀಳುವವರು ಯಾರೋ. ಇಲ್ಲಿ ಒಡಹುಟ್ಟಿದವಳು.

ಕ್ಯಾನುಗಳ ಕುತ್ತಿಗೆಗೆ ಒಂದೊಂದು ಬಣ್ಣದ ಟೇಪು ಸುತ್ತಿತ್ತು. ಕೆಂಪು, ನೀಲಿ, ಹಸಿರು, ಬಿಳಿ.

ಈ ಫ್ಯಾಕ್ಟರಿಯಲ್ಲಿರುವುದು ನಾಲ್ಕು ಬಗೆಯ ಹೆಪ್ಪು. ನೋಡಿದರೂ, ಮೂಸಿದರೂ, ನಾಲಿಗೆಗೆ ಹಚ್ಚಿದರೂ ನಾಲ್ಕೂ ಒಂದೇ. ಒಳಗಿರುವ ಬ್ಯಾಕ್ಟೀರಿಯಾದ ತಳಿ ಮಾತ್ರ ಬೇರೆ ಬೇರೆ. ಈ ಬ್ಯಾಕ್ಟೀರಿಯಾಗಳೇ ಹಾಲನ್ನು ಹುಳಿ ಮಾಡಿ ಮೊಸರು ಮಾಡುವುದು. ಅಷ್ಟು ಚಿಕ್ಕ ಜೀವಿಗೂ ಒಬ್ಬ ಶತ್ರು ಇದ್ದಾನೆ, ವೈರಸ್. ಅದೃಷ್ಟಕ್ಕೆ ಕೆಂಪಿನ ವೈರಸ್ ನೀಲಿಯನ್ನು ಮುಟ್ಟುವುದಿಲ್ಲ, ನೀಲಿಯದು ಹಸಿರನ್ನು ಮುಟ್ಟುವುದಿಲ್ಲ. ಅದಕ್ಕೇ ದಿನಕ್ಕೊಂದು ಬಣ್ಣ ಬದಲಾಯಿಸಿ ಹಾಕುತ್ತಾರೆ. ಇವತ್ತು ಒಂದು ಬಣ್ಣಕ್ಕೆ ಶತ್ರು ಗಂಟುಬಿದ್ದರೂ ನಾಳೆ ಇನ್ನೊಂದು ಬಣ್ಣದ ಎದುರು ಅದು ಬಾಯಿ ಚಪ್ಪರಿಸಿಕೊಂಡು ಕೂರಬೇಕು.

ನಾಳೆಯ ಬಣ್ಣ ಯಾವುದೆಂದು ಎಲ್ಲೂ ಬರೆಯುವಂತಿಲ್ಲ. ಹೆಪ್ಪಿನ ಕೋಣೆಯ ಇಬ್ಬರು, ಅಂದರೆ ಅಜ್ಜ ಮತ್ತು ಅಕ್ಕ, ಸಂಜೆ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಬೇಕು. ಹೆಪ್ಪಜ್ಜ ಮಾಡಿಟ್ಟ ಪದ್ಧತಿ ಅದು, ಅಕ್ಕನಿಗೆ ಅದೇ ವೇದವಾಕ್ಯ. ಆದರೂ ಪ್ರತಿಸಲ ಆ ದಿನದ ಬಣ್ಣಕ್ಕೆ ಸರಿಯಾಗಿ ಅದರದೇ ವೈರಸ್ ತೊಟ್ಟಿಗೆ ಬಂದು ಬೀಳುತ್ತಿತ್ತು. ಬಣ್ಣ ಮುಂಚೆಯೇ ಯಾರಿಗೋ ಗೊತ್ತಾಗುತ್ತಿತ್ತು.

ನಾನು ಹೂಡಿದ ಬಲೆ ಸರಳವಾದದ್ದು. ಹಿಂದಿನ ದಿನ ಮೂವರಿಗೆ ಮೂರು ಸುಳ್ಳು ಹೇಳಿದ್ದೆ. ಮ್ಯಾನೇಜರರಿಗೆ ನಾಳೆ ಕೆಂಪು ಎಂದೆ. ಅವರು ಮಾಲೀಕರ ಮಗಳ ಗಂಡ, ಇಡೀ ಫ್ಯಾಕ್ಟರಿ ಅವರನ್ನು ಕರೆಯುವುದು ‘ಅಳಿಯಂದಿರು’ ಎಂದೇ. ಲ್ಯಾಬ್ ಮೇಡಂಗೆ ನೀಲಿ ಎಂದೆ. ಪೈಪು ತೊಳೆಯುವ ಪೈಪಣ್ಣನಿಗೆ ಹಸಿರು. ಬಿಳಿಯ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಪರೀಕ್ಷೆ ಮುಗಿದ ಮೇಲೆ ದೊಡ್ಡ ತೊಟ್ಟಿಗೆ ನಿಜವಾಗಿ ಹಾಕುವುದು ಬಿಳಿ ಎಂದು ಅಕ್ಕ ಮತ್ತು ನಾನು ಇಬ್ಬರೇ ಮಾತಾಡಿಕೊಂಡಿದ್ದೆವು.

ಬೆಳಿಗ್ಗೆ ಎಂದಿನಂತೆ ಕಾಯಿಸಿ ಆರಿಸಿದ ಹಾಲು ದೊಡ್ಡ ತೊಟ್ಟಿಗೆ ತುಂಬಿತು. ಹೆಪ್ಪು ಹಾಕಿದಂತೆ ಅಕ್ಕ ನಟಿಸಿದಳು, ಹಾಕಲಿಲ್ಲ. ಹೆಪ್ಪಿನ ಕೋಣೆಯ ಗಾಜಿನ ಹಿಂದೆ ನಿಂತು ನಾನು ಕಾದೆ. ಅಳಿಯಂದಿರು ಮೆಟ್ಟಿಲು ಹತ್ತಿ ಇಳಿದರು. ಲ್ಯಾಬ್ ಮೇಡಂ ಸ್ಯಾಂಪಲ್ ತೆಗೆಯಲು ಹತ್ತಿದರು. ಪೈಪಣ್ಣ ಹಾಡಿಕೊಂಡು ಎರಡು ಸಲ ಹತ್ತಿದ. ಹತ್ತುವವರು ಕಾಣುತ್ತಿದ್ದರು, ಮೇಲೆ ಅವರ ಕೈ ಏನು ಮಾಡಿತೆಂದು ಕಾಣುತ್ತಿರಲಿಲ್ಲ. ಆಮೇಲೆ ಅಕ್ಕ ತೊಟ್ಟಿಯ ನಲ್ಲಿಯಿಂದ ನಾಲ್ಕು ಕ್ಯಾನಿಗೆ ಹಾಲು ಹಿಡಿದು ನಾಲ್ಕು ಹೆಪ್ಪು ಹಾಕಿದಳು. ಕೆಂಪು ಕೂರದಿದ್ದರೆ ಹಾಲಿಗೆ ಕೆಂಪಿನ ವೈರಸ್ ಬಿದ್ದಿದೆ, ಹಾಕಿದವರು ಅಳಿಯಂದಿರು. ನೀಲಿ ಕೂರದಿದ್ದರೆ ಲ್ಯಾಬ್ ಮೇಡಂ. ಹಸಿರಾದರೆ ಪೈಪಣ್ಣ.

ಭಾವ ಬೆಳಗಿನಿಂದ ಅಲ್ಲೇ ಓಡಾಡುತ್ತಿದ್ದರು. ಅಕ್ಕನ ಗಂಡ, ಫ್ಯಾಕ್ಟರಿಯ ಹಾಲಿನ ಟ್ಯಾಂಕರ್ ಓಡಿಸುವವರು. ಹಾಲು ಇಳಿಸಿ, ಅಕ್ಕನನ್ನು ಹುಡುಕಿಕೊಂಡು ತೊಟ್ಟಿಯ ಮೆಟ್ಟಿಲನ್ನೂ ಹತ್ತಿ ನೋಡಿ, ಕೊನೆಗೆ ಊಟದ ಡಬ್ಬಿ ಹಿಡಿದು ನಮ್ಮ ಕೋಣೆಗೆ ಬಂದಿದ್ದರು.

“ಏನ್ ಸಿಐಡಿ, ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀಯಾ? ತಿಂದ್ಕೊಂಡು ಯೋಚನೆ ಮಾಡು. ಹೊಟ್ಟೆ ಖಾಲಿ ಇದ್ರೆ ತಲೆನೂ ಖಾಲಿ.” ಆಮೇಲೆ ನೀರಿನ ತೊಟ್ಟಿಯ ಕಡೆ ನೋಡಿದರು. “ಇದೇನಿವತ್ತು, ನಾಲ್ಕು?”

“ಪರೀಕ್ಷೆ ಭಾವ. ಸಂಜೆ ಹೇಳ್ತೀನಿ.”

“ಸರಿ ಬಿಡು, ನಮಗ್ಯಾಕೆ ನಿಮ್ ದೊಡ್ಡೋರ ವಿಷಯ. ನಾನು ಅಜ್ಜನ ಹತ್ರ ಕೂತಿರ್ತೀನಿ.”

ಅಜ್ಜನಿಗೆ ಸ್ವಂತದವರೆಂದು ಯಾರೂ ಇಲ್ಲ. ಹಾಲು ಇಳಿಸಿದ ಮೇಲೆ ರಾತ್ರಿಯವರೆಗೆ ಅವರ ತುಟಿಗೆ ಒದ್ದೆ ಬಟ್ಟೆ ಒತ್ತುವುದು, ಮಗ್ಗುಲು ತಿರುಗಿಸುವುದು ಎಲ್ಲಾ ಭಾವನೇ. ಡಬ್ಬಿ ಹಾಗೇ ಮೇಜಿನ ಮೇಲಿತ್ತು. ನಾವಿಬ್ಬರೂ ಮುಚ್ಚಳ ತೆಗೆದಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ನಾನು ಬೆಚ್ಚಿಬಿದ್ದೆ.

ಲ್ಯಾಬ್ ಮೇಡಂ. ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ, ನಕ್ಕರೆ ಸಂಬಳ ಕಡಿತವಾಗುತ್ತದೆ ಎನ್ನುವಂಥ ಮುಖ.

“ನಿಮ್ಮ ಜೊತೆ ಮಾತಾಡ್ಬೇಕು. ಈಗ್ಲೇ. ನನ್ನ ರೂಮಿಗೆ ಬನ್ನಿ.”

ಅಕ್ಕನನ್ನು ಕ್ಯಾನುಗಳ ಕಾವಲಿಗೆ ಬಿಟ್ಟು ಅವರ ಹಿಂದೆ ಹೋದೆ. ಲ್ಯಾಬಿನಲ್ಲಿ ಸ್ಪಿರಿಟ್ಟಿನ ವಾಸನೆ. ಗೋಡೆಗೆ ಒತ್ತಿದ ಎರಡು ಫ್ರಿಜ್ಜುಗಳು ಗೊರ್ರೆನ್ನುತ್ತಿದ್ದವು. ಅವರು ಬಾಗಿಲು ಹಾಕಿ ಚಿಲಕ ಸರಿಸಿದರು. ಚಿಲಕ ಯಾಕೆ ಎಂದು ಕೇಳುವಷ್ಟರಲ್ಲಿ ಅವರೇ ಶುರು ಮಾಡಿದರು.

“ದೊಡ್ಡ ತೊಟ್ಟಿಗೆ ನೀವು ಹೆಪ್ಪೇ ಹಾಕಿಲ್ಲ. ಹೌದೋ ಅಲ್ವೋ?”

“ಯಾರು ಹೇಳಿದ್ದು?”

“ಹಾಲೇ ಹೇಳ್ತು. ಹುಳಿ ಅಳೆದು ನೋಡ್ದೆ. ಬೆಳಿಗ್ಗೆ ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ. ವೈರಸ್ ಬಿದ್ದ ತೊಟ್ಟಿನೂ ಮೊದಲು ಒಂಚೂರು ಹುಳಿಯಾಗಿ ಆಮೇಲೆ ನಿಲ್ಲುತ್ತೆ. ಇದು ಅಲ್ಲಾಡೇ ಇಲ್ಲ.”

“ಅಳಿಯಂದಿರಿಗೆ ಹೇಳಿದ್ರಾ?”

“ಹೇಳಿದ್ರೆ ಈಗ ಇಲ್ಲಿ ನಿಮ್ಮ ಜೊತೆ ನಿಂತಿರ್ತಿದ್ನಾ?” ಅವರು ಕನ್ನಡಕ ತೆಗೆದು ಕೋಟಿಗೆ ಒರೆಸಿಕೊಂಡರು. “ಇನ್ನೊಂದು ವಿಷಯ. ನಂಗೆ ನೀಲಿ ಅಂತ ಗುಟ್ಟಾಗಿ ಹೇಳಿದ್ರಿ. ನಿನ್ನೆ ಸಂಜೆ ಪೈಪಣ್ಣ ಬಂದು ‘ಮೇಡಂ, ನಾಳೆ ಹಸಿರಂತೆ, ಯಾರಿಗೂ ಹೇಳ್ಬೇಡಿ’ ಅಂದ. ಅವನು ಯಾರಿಗೂ ಹೇಳ್ಬೇಡಿ ಅಂತ ಇನ್ನೆಷ್ಟು ಜನಕ್ಕೆ ಹೇಳಿದಾನೋ!”

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಬಲೆಯ ಒಂದು ಮೂಲೆ ಹಿಂದಿನ ಸಂಜೆಯೇ ಹರಿದುಹೋಗಿತ್ತು. ಪೈಪಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಗೇಟಿನ ಕಾವಲುಗಾರನೂ ಹೇಳಿದ್ದ. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಸಿಟ್ಟು ಬಂದಾಗ ನಾನು ಎದುರಿಗಿದ್ದವರ ಮೇಲೆ ಏರಿಹೋಗುವವಳು. ಏರಿಹೋದೆ.

“ಹಾಗಾದ್ರೆ ನಾನೂ ಒಂದು ಕೇಳ್ತೀನಿ. ಕೆಟ್ಟ ತೊಟ್ಟಿಗಳ ತಿಳಿನೀರನ್ನ ಬಾಟಲಿಲಿ ತುಂಬಿ ಇಟ್ಕೊಂಡಿರೋದು ಈ ಫ್ಯಾಕ್ಟರಿಲಿ ನೀವೊಬ್ರೇ. ವೈರಸ್ ಇರೋದು ಆ ತಿಳೀಲೇ ತಾನೇ? ಅಜ್ಜ ಬೀಳೋ ಹಿಂದಿನ ದಿನ ನಿಮ್ಮ ಜೊತೆ ಜಗಳ ಆಡಿದ್ರು. ಯಾತಕ್ಕೆ?”

ಅವರ ಮುಖ ಕೆಂಪಾಯಿತು. ಫ್ರಿಜ್ಜು ತೆಗೆದು, ಅಂಗೈಯಗಲದ ನಾಲ್ಕು ಗಾಜಿನ ತಟ್ಟೆಗಳನ್ನು ನನ್ನ ಮುಂದೆ ಸಾಲಾಗಿಟ್ಟರು.

“ನೋಡಿ. ನೋಡಿ ಆಮೇಲೆ ಬೈರಿ.”

ತಟ್ಟೆಗಳ ಮೇಲೆ ತೆಳ್ಳಗೆ ಬಿಳಿಯ ಪೊರೆ ಹಬ್ಬಿತ್ತು, ಚಳಿಗೆ ಉಸಿರಿನ ಮಂಜು ಹಿಡಿದ ಕಿಟಕಿ ಗಾಜಿನ ಹಾಗೆ. ಆ ಪೊರೆಯೇ ಹೆಪ್ಪಿನ ಬ್ಯಾಕ್ಟೀರಿಯಾ, ಕೋಟಿಗಟ್ಟಲೆ. ಒಂದು ತಟ್ಟೆಯಲ್ಲಿ ಮಾತ್ರ ಪೊರೆಯ ತುಂಬ ಸಾಸಿವೆ ಗಾತ್ರದ ಸ್ವಚ್ಛ ತೂತುಗಳಿದ್ದವು.

“ಕೆಂಪು ಕೆಟ್ಟ ದಿನದ ತಿಳಿನ ನಾಲ್ಕೂ ಬಣ್ಣದ ಮೇಲೆ ಒಂದೊಂದು ಹನಿ ಬಿಟ್ಟೆ. ತೂತು ಬಿದ್ದಿದ್ದು ಕೆಂಪಲ್ಲಿ ಮಾತ್ರ. ಒಂದೊಂದು ತೂತೂ ಒಂದೊಂದು ಸ್ಮಶಾನ. ಒಂದೇ ಒಂದು ವೈರಸ್ಸಿಂದ ಶುರುವಾಗಿದ್ದು.”

“ಒಂದರಿಂದ ಇಷ್ಟಾ?”

“ಅದಕ್ಕೆ ಸ್ವಂತ ಬಾಯಿಲ್ಲ, ಹೊಟ್ಟೆಯಿಲ್ಲ, ಮನೆಯಿಲ್ಲ. ಒಂದು ಪೊಟ್ಟಣ, ಅದರೊಳಗೆ ತನ್ನಂಥದ್ದನ್ನ ಮಾಡೋದು ಹೇಗೆ ಅನ್ನೋ ಸೂಚನೆ, ಅಷ್ಟೇ. ಹೊರಗಡೆ ಬಿದ್ದಿರೋವಾಗ ಧೂಳಿಗಿಂತ ಕಡೆ. ತನಗೆ ಹೊಂದೋ ಬ್ಯಾಕ್ಟೀರಿಯಾ ಸಿಕ್ತೋ, ಮೈಗೆ ಕಚ್ಕೊಂಡು, ಗೋಡೆಗೆ ತೂತು ಕೊರೆದು, ಆ ಸೂಚನೆನ ಒಳಗೆ ಇಳಿಸಿಬಿಡುತ್ತೆ. ಖಾಲಿ ಪೊಟ್ಟಣ ಹೊರಗೇ ಉಳ್ಕೊಳ್ಳುತ್ತೆ. ಆಮೇಲೆ ಆ ಬಡಪಾಯಿ ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಅದರದ್ದು ಶುರು ಮಾಡುತ್ತೆ. ತನ್ನದೇ ಸಾಮಾನು ಸುರಿದು, ತನ್ನದೇ ಶಕ್ತಿ ಖರ್ಚು ಮಾಡಿ, ವೈರಸ್ ಮೇಲೆ ವೈರಸ್ ಕಟ್ಟಿಕೊಡುತ್ತೆ. ಒಳಗೆ ಜಾಗ ಇಲ್ದಷ್ಟಾದಾಗ ಗೋಡೆ ಒಡೆದು ಎಲ್ಲಾ ಹೊರಗೆ. ಒಂದು ಹೋಗಿ ನೂರು. ಆ ನೂರಕ್ಕೆ ಇನ್ನು ನೂರು ಮನೆ ಬೇಕು.”

“ಉಂಡ ಮನೆಗೆ ಎರಡು ಬಗೆಯೋ ಜಾತಿ.”

“ಉಂಡ ಮನೆನೇ ಉಣ್ಣೋ ಜಾತಿ. ಇದಾದ್ರೂ ವಾಸಿ, ಬಂದ ತಕ್ಷಣ ಗೊತ್ತಾಗುತ್ತೆ. ಇನ್ನು ಕೆಲವು ಇದಾವೆ. ಒಳಗೆ ಬಂದು ಏನೂ ಮಾಡಲ್ಲ. ಬ್ಯಾಕ್ಟೀರಿಯಾದ ವಂಶದ ಎಳೆಗೇ ತಮ್ಮ ಎಳೆ ಹೊಸೆದುಕೊಂಡು ತಣ್ಣಗೆ ಮಲಗಿರ್ತಾವೆ. ಅದು ಮರಿ ಹಾಕಿದ್ರೆ ಮರಿಯೊಳಗೂ ಇರ್ತಾವೆ. ಎಷ್ಟೋ ತಲೆಮಾರು ಆದ್ಮೇಲೆ, ಮನೆಗೊಂದು ಕಷ್ಟ ಬಂದಾಗ, ಎದ್ದು ಒಡೀತಾವೆ.”

ಅವರ ದನಿಯಲ್ಲಿ ಭಯವಿತ್ತು, ಜೊತೆಗೆ ಒಂಥರಾ ಮೆಚ್ಚುಗೆಯೂ ಇತ್ತು. ಅದು ನನಗೆ ಇಷ್ಟವಾಗಲಿಲ್ಲ.

“ಜಗಳದ ವಿಷಯಕ್ಕೆ ಬನ್ನಿ ಮೇಡಂ.”

“ಈ ತಟ್ಟೆಗಳನ್ನ ತೋರಿಸಿ, ಯಾರೋ ಬೇಕಂತ ಮಾಡ್ತಿದಾರೆ ಅಂತ ಅಜ್ಜನಿಗೆ ಮೊದಲು ಹೇಳಿದ್ದೇ ನಾನು. ಮಾಲೀಕರಿಗೆ ಹೇಳೋಣ ಅಂದೆ. ಬೇಡ, ನಾನೇ ಒಂದ್ಸಲ ಅವರ ಜೊತೆ ಮಾತಾಡ್ತೀನಿ ಅಂದ್ರು. ಯಾರ ಜೊತೆ ಅಂತ ಕಿರುಚಾಡಿದೆ. 'ನಮ್ಮೋರೇ' ಅಂದ್ರು. ಅಷ್ಟೇ ಹೇಳಿದ್ದು.”

“ಇದನ್ನ ಇನ್ಸ್‌ಪೆಕ್ಟರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮಕ್ಕನಿಗೆ ಒಳ್ಳೇದಾಗುತ್ತಾ? ಅಜ್ಜನಿಗೆ ನಮ್ಮೋರು ಅಂದ್ರೆ ಯಾರು, ನೀವೇ ಹೇಳಿ.”

ನಾನು ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದೆ.

“ಇನ್ನೂ ಒಂದು ಯೋಚನೆ ಮಾಡಿ,” ಅವರು ದನಿ ತಗ್ಗಿಸಿದರು. “ಫ್ಯಾಕ್ಟರಿ ಮುಳುಗಿಸಬೇಕು ಅನ್ನೋರು ನಾಲ್ಕೂ ವೈರಸ್ ಬೆರೆಸಿ ಒಂದೇ ಸಲ ಸುರೀತಿದ್ರು. ಒಂದೇ ದಿನಕ್ಕೆ ನಾಲ್ಕು ಹೆಪ್ಪೂ ಹೋಗಿ ನಾವೆಲ್ಲಾ ಬೀದಿಗೆ ಬರ್ತಿದ್ವಿ. ಇವರು ಹಾಗೆ ಮಾಡ್ತಿಲ್ಲ. ಒಂದು ದಿನಕ್ಕೆ ಒಂದೇ ಬಣ್ಣ. ಹಾಲು ಕೆಡಬೇಕು, ಫ್ಯಾಕ್ಟರಿ ಉಳೀಬೇಕು, ಹೆಪ್ಪಿನ ಕೋಣೆಯವರಿಗೆ ಕೆಟ್ಟ ಹೆಸರು ಬರಬೇಕು. ಹೊರಗಿನೋರು ಯಾರು ಹೀಗೆ ಲೆಕ್ಕ ಹಾಕ್ತಾರೆ?”

“ತಿಳಿ ಬೇರೆ ಯಾರ ಕೈಗೆ ಸಿಗುತ್ತೆ?”

“ಯಾರ ಕೈಗೆ ಬೇಕಾದ್ರೂ. ಚರಂಡಿಗೆ ಹೋಗುತ್ತೆ. ದನದ ಮೇವಿಗೆ ಅಂತ ಪೀಪಾಯಿಲಿ ಹೊರಗೆ ಹೋಗುತ್ತೆ. ತಿಳಿ ಸಿಗೋದು ಕಷ್ಟ ಅಲ್ಲ. ಬಣ್ಣ ಸಿಗೋದು ಕಷ್ಟ. ಬಣ್ಣ ಗೊತ್ತಿದ್ದಿದ್ದು ಇಬ್ಬರಿಗೆ. ಒಬ್ರು ಆಸ್ಪತ್ರೆಲಿ ಮಲಗಿದಾರೆ. ಅವರು ಮಲಗಿದ್ಮೇಲೂ ಎರಡು ತೊಟ್ಟಿ ಕೆಟ್ಟಿದೆ.” ಅವರು ನನ್ನ ಕಣ್ಣನ್ನೇ ನೋಡಿದರು. “ನಿಮ್ಮಕ್ಕ ಒಳ್ಳೆಯವಳು. ನಂಗೂ ಇಷ್ಟ. ಆದ್ರೆ ಉಳಿದಿದ್ದು ಅವಳೊಬ್ಳೇ.”

“ನನ್ನ ಅಕ್ಕನ ವಿಷಯ ನಂಗೆ ಹೇಳ್ಕೊಡ್ಬೇಡಿ!”

ಚಿಲಕವನ್ನು ನಾನೇ ಸರಿಸಿ ಹೊರಗೆ ಬಂದೆ. ತೊಳೆದ ಕಾರಿಡಾರಿನ ನೀರಿನಲ್ಲಿ ಪೈಪಣ್ಣ ಬ್ರಷ್ಷು ಎಳೆಯುತ್ತಾ, “ಏನಮ್ಮಾ, ಮೊಸರಾಯ್ತಾ?” ಎಂದು ಹಲ್ಲು ಕಿರಿದ. ಅವನನ್ನು ಅದೇ ಬ್ರಷ್ಷಿನಲ್ಲಿ ತಿಕ್ಕಬೇಕೆನಿಸಿತು.

ನಾನು ಅಕ್ಕನನ್ನು ನಂಬುತ್ತೇನೆ. ಅವಳು ಇರುವೆ ಸಾಲು ಕಂಡರೆ ಸುತ್ತಿಬಳಸಿ ನಡೆಯುವವಳು. ಅಜ್ಜ ಬಿದ್ದ ದಿನ ಊಟ ಬಿಟ್ಟವಳಿಗೆ ಭಾವ ತುತ್ತು ಮಾಡಿ ತಿನ್ನಿಸಬೇಕಾಯಿತು. ಆದರೂ ಮೇಡಂ ಹೇಳಿದ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. ಕೀಳಲು ಹೋದಷ್ಟೂ ಆಳಕ್ಕೆ ಇಳಿಯುತ್ತಿತ್ತು.

ಕೋಣೆಗೆ ಬಂದಾಗ ಅಕ್ಕ ಕ್ಯಾನುಗಳನ್ನು ನೀರಿನಿಂದ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಹೊರಮೈಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಳು, ಸ್ನಾನ ಮಾಡಿಸಿದ ಮಕ್ಕಳನ್ನು ಒರೆಸುವ ಹಾಗೆ.

“ಹೊತ್ತಾಯ್ತು. ಇನ್ನು ನೋಡ್ಬಹುದು,” ಎಂದಳು. “ನೀನೇ ತೆಗಿ.”

“ನಾನಾದ್ರೆ ಅಲ್ಲಾಡಿಸಿಬಿಡ್ತೀನಿ. ನೀನೇ ತೆಗಿ.”

“ನಾನೂ ಅಲ್ಲಾಡಿಸಿಬಿಟ್ರೆ?”

ಕೊನೆಗೆ ಅವಳೇ ತೆಗೆದಳು. ಮೊದಲು ಕೆಂಪು. ಮುಚ್ಚಳ ಎತ್ತಿ ಕ್ಯಾನನ್ನು ಮೆಲ್ಲಗೆ ಓರೆ ಮಾಡಿದಳು. ಮೊಸರು ಮಿಸುಕಲಿಲ್ಲ. ಚಮಚ ನೆಟ್ಟಳು, ಚಮಚ ನಿಂತಿತು.

ಅಳಿಯಂದಿರು ಬಚಾವಾದರು. ನನಗೆ ಒಂದಿಷ್ಟು ಬೇಸರವೇ ಆಯಿತು. ಅವರೇ ಆಗಿದ್ದರೆ ಇಡೀ ಫ್ಯಾಕ್ಟರಿ ಸಿಹಿ ಹಂಚುತ್ತಿತ್ತು.

ನೀಲಿ. ಗಟ್ಟಿ. ಅಂಚಿನಲ್ಲಿ ತೆಳ್ಳಗೆ ತಿಳಿ ಬಿಟ್ಟುಕೊಂಡು ಕನ್ನಡಿಯಂತೆ ಕೂತಿತ್ತು.

“ಹಸಿರು,” ಎಂದೆ. ಇದು ಕೂರಬಾರದು. ದೇವರೇ, ಇದು ಕೂರಬಾರದು. ಬಾಯಿಬಡುಕ ಪೈಪಣ್ಣನೇ ಆಗಿರಲಿ, ಅಥವಾ ಅವನ ಬಾಯಿಂದ ಹಸಿರು ಎಂದು ಕೇಳಿಸಿಕೊಂಡ ಯಾರಾದರೂ ಆಗಿರಲಿ.

ಅಕ್ಕ ಓರೆ ಮಾಡಿದಳು. ಹಸಿರೂ ಗಟ್ಟಿಯಾಗಿ ಕೂತಿತ್ತು.

ಹಾಗಾದರೆ ಇವತ್ತು ಯಾರೂ ಏನೂ ಹಾಕಿಲ್ಲ. ಬಲೆ ಖಾಲಿ. ಇನ್ಸ್‌ಪೆಕ್ಟರು ಬರುತ್ತಾರೆ, ಅಕ್ಕ ಹೋಗುತ್ತಾಳೆ. ಹಾಗೆಂದುಕೊಂಡೇ ನಾನು ನಾಲ್ಕನೆಯದರ ಕಡೆ ನೋಡಲೂ ಇಲ್ಲ. ಅಕ್ಕ ಅಭ್ಯಾಸ ಬಲದಿಂದ ಬಿಳಿಯ ಮುಚ್ಚಳ ತೆಗೆದಳು. ಓರೆ ಮಾಡಿದಳು.

ಹಾಲು ಹಾಲಾಗಿಯೇ ಅಂಚಿನವರೆಗೆ ಹರಿದು ಬಂದು ಅವಳ ಹೆಬ್ಬೆರಳನ್ನು ತೋಯಿಸಿತು.

“ಅಕ್ಕಾ.”

ಅವಳು ಕ್ಯಾನನ್ನು ನೆಟ್ಟಗೆ ಮಾಡಿದಳು.

“ಅಕ್ಕಾ, ಬಿಳಿ ಅಂತ ಗೊತ್ತಿದ್ದಿದ್ದು ಇಬ್ರಿಗೇ. ನಂಗೆ, ನಿಂಗೆ.”

“ಅದಕ್ಕೆ?”

“ಅದಕ್ಕೆ ಅಂದ್ರೆ? ನಾನು ಹಾಕಿಲ್ಲ. ನೀನು...”

“ಏನು, ಬಾಯಿಬಿಟ್ಟು ಹೇಳು,” ಅಕ್ಕನ ಕಣ್ಣು ತುಂಬಿತು. “ಊರೆಲ್ಲಾ ಹೇಳಿಯಾಯ್ತು. ನೀನೊಬ್ಳು ಬಾಕಿ ಇದ್ದೆ.”

“ಹಾಗಾದ್ರೆ ಹಾಲಿಗೆ ಬಿಳೀದರ ವೈರಸ್ ಹೇಗೆ ಬಂತು? ಆಕಾಶದಿಂದ ಉದುರ್ತಾ? ಯಾರಿಗಾದ್ರೂ ಹೇಳಿದ್ಯಾ? ನೆನಪು ಮಾಡ್ಕೋ. ಬಾಯಿ ತಪ್ಪಿ? ನಿದ್ದೆಗಣ್ಣಲ್ಲಿ?”

“ಯಾರಿಗೂ ಹೇಳಿಲ್ಲ. ಅಜ್ಜನಿಗೆ ಬಿಟ್ರೆ.”

ನಾನು ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

“ಅಜ್ಜನಿಗೆ ಪ್ರಜ್ಞೆನೇ ಇಲ್ಲವಲ್ಲೇ!”

“ಇಲ್ದಿದ್ರೆ ಏನಾಯ್ತು? ದಿನಾ ಸಂಜೆ ಹೋಗಿ ಕಿವೀಲಿ ನಾಳೆ ಬಣ್ಣ ಹೇಳಿ ಬರ್ತೀನಿ. ಅವರು ಬಿದ್ದ ದಿನದಿಂದ ಒಂದು ದಿನನೂ ತಪ್ಪಿಸಿಲ್ಲ. ಹೇಳೋದು ನಿಲ್ಲಿಸಿದ್ರೆ ಅವರು ಹೋಗೇಬಿಟ್ರು ಅಂತ ನಾನೇ ಒಪ್ಕೊಂಡ ಹಾಗೆ ಆಗುತ್ತೆ ಕಣೇ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿನ್ನೆ ಅವರಿಗೂ ಒಂದು ಸುಳ್ಳು ಹೇಳಿಬಿಡೋಣ ಅಂದ್ಕೊಂಡು ಬಾಯಿ ತೆಗೆದೆ. ಬರ್ಲಿಲ್ಲ. ಬಿಳಿ ಅಂತ್ಲೇ ಹೇಳ್ದೆ.”

ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರುಸೊತ್ತಿರಲಿಲ್ಲ.

“ಆಗ ರೂಮಲ್ಲಿ ಯಾರಿದ್ರು? ನರ್ಸ್? ಡಾಕ್ಟ್ರು?”

“ಯಾರೂ ಇರ್ಲಿಲ್ಲ. ಬಾಗಿಲು ಹಾಕಿತ್ತು.”

“ಸರಿಯಾಗಿ ಯೋಚನೆ ಮಾಡು. ಕಸ ಗುಡಿಸೋರು? ಔಷಧಿ ತರೋರು?”

“ಯಾರೂ ಇಲ್ಲ ಅಂದ್ನಲ್ಲ. ನಾನು, ಅಜ್ಜ, ನಮ್ಮ...” ಎಂದವಳು ಅಲ್ಲಿಗೇ ನಿಂತಳು.

ಅವಳ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಕ್ಯಾನನ್ನು ಮೇಜಿನ ಮೇಲಿಟ್ಟು ಮೇಜಿನ ಅಂಚನ್ನು ಹಿಡಿದುಕೊಂಡಳು.

ಕೇಳಬಾರದೆಂದು ಮನಸ್ಸು ಗೋಗರೆಯಿತು. ಕೇಳಿದೆ. “ಅಜ್ಜ ಬೀಳೋಕೆ ಮುಂಚೆ? ಆಗ ಎಲ್ಲಿ ಹೇಳ್ತಿದ್ದೆ?”

“ಅಜ್ಜ ಮಧ್ಯಾಹ್ನಕ್ಕೇ ಮನೆಗೆ ಹೋಗಿಬಿಡ್ತಿದ್ರಲ್ಲ. ಸಂಜೆ ನಾನು ನಮ್ಮ ಅಡುಗೆಮನೆಯಿಂದ ಫೋನ್ ಮಾಡಿ ಹೇಳ್ತಿದ್ದೆ.”

“ಅಡುಗೆಮನೇಲಿ ಯಾರಿರ್ತಿದ್ರು?”

ಅವಳ ದನಿ ಪಿಸುಮಾತಿಗೆ ಇಳಿಯಿತು. “ಅವರು ದಿನಾ ತರಕಾರಿ ಹೆಚ್ಚಿಕೊಡ್ತಿದ್ರು ಕಣೇ.”

ಭಾವ. ನನ್ನ ಓದಿಗೆ ಫೀಸು ಕಟ್ಟಿದ ಭಾವ. ನನಗೆ ಸೈಕಲ್ ಕಲಿಸುವಾಗ ಬೀದಿಯುದ್ದಕ್ಕೂ ಹಿಂದೆ ಹಿಡಿದುಕೊಂಡು ಓಡಿದ ಭಾವ. ತಿಳಿಯ ಪೀಪಾಯಿಗಳನ್ನು ದನದ ಮೇವಿಗೆ ಸಾಗಿಸುವುದೂ ಅವರ ಗಾಡಿಯೇ. ಬೆಳಿಗ್ಗೆ ಮೆಟ್ಟಿಲು ಹತ್ತಿದವರನ್ನು ಎಣಿಸುವಾಗ ಅವರನ್ನು ಕಣ್ಣಾರೆ ನೋಡಿಯೂ ನಾನು ಎಣಿಸಿರಲಿಲ್ಲ. ಮನೆಯವರನ್ನು ಯಾರು ಎಣಿಸುತ್ತಾರೆ! ಯಾಕೆ, ಭಾವ? ಹೆಂಡತಿಯ ಕೆಲಸದ ಮೇಲೆ ಅದೆಂಥ ಹಗೆ?

ಹೊರಗೆ ಜೀಪು ನಿಂತ ಸದ್ದಾಯಿತು. ಕಾರಿಡಾರಿನಲ್ಲಿ ಬೂಟಿನ ಸಪ್ಪಳ. ಜೊತೆಗೆ ಅಳಿಯಂದಿರ ಗಂಟಲು: “ಬನ್ನಿ ಸಾರ್, ಬನ್ನಿ, ಇಲ್ಲೇ ಇದಾರೆ.”

“ಅಕ್ಕಾ, ಆ ಕ್ಯಾನ್ ಮುಟ್ಬೇಡ. ಅದೇ ನಮ್ಮ ಪುರಾವೆ. ತೊಟ್ಟಿ ಹಾಲಲ್ಲಿ ವೈರಸ್ ಇನ್ನೂ ಬೆಳೆದಿರಲ್ಲ, ಇದ್ರಲ್ಲಿ ಬೆಳೆದಿದೆ. ಲ್ಯಾಬ್ ಮೇಡಂ ಹತ್ರ ಕೊಟ್ರೆ ತಟ್ಟೆ ಮೇಲೆ ತೋರಿಸ್ತಾರೆ. ಬಿಳಿ ಅಂತ ಇನ್ಯಾರು ಕೇಳಿಸ್ಕೊಂಡಿದ್ರು ಅಂತ ನಾನು ಹೇಳ್ತೀನಿ. ನೀನು ಬಚಾವ್.”

ಅಕ್ಕ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ನಾನು ಒಡೆದ ಪಾತ್ರೆಗೆ ತಾನು ಏಟು ತಿನ್ನುವ ಮೊದಲು ಹೀಗೇ ನೋಡುತ್ತಿದ್ದಳು.

“ಅಕ್ಕಾ, ಬೇಡ!”

ಬಿಳಿ ಟೇಪಿನ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಅವಳು ಸಿಂಕಿಗೆ ಬೋರಲು ಹಾಕಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನಾನು ಅವಳ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ಹಾಲು ನೀರಿನೊಂದಿಗೆ ಬೆರೆತು ಗೊಳಗೊಳ ಇಳಿದುಹೋಗಿತ್ತು. ಬಾಗಿಲು ತೆರೆಯಿತು.

“ನಾನೇ ಮಾಡಿದ್ದು ಸಾರ್,” ಅಕ್ಕ ಇನ್ಸ್‌ಪೆಕ್ಟರಿಗೆ ಹೇಳಿದಳು. “ಹಾಲು ಕೆಡಿಸಿದ್ದೂ ನಾನೇ. ಅಜ್ಜನ್ನ ತಳ್ಳಿದ್ದೂ ನಾನೇ. ನನ್ನ ತಂಗಿಗೆ ಏನೂ ಗೊತ್ತಿಲ್ಲ.”

“ಸುಳ್ಳು!” ಎಂದು ಕಿರುಚಿದೆ. “ಸಾರ್, ಅವಳು ಸುಳ್ಳು ಹೇಳ್ತಿದಾಳೆ!”

“ಹಾಗಾದ್ರೆ ನಿಜ ನೀವು ಹೇಳಿ,” ಎಂದರು ಇನ್ಸ್‌ಪೆಕ್ಟರು. “ಯಾರು?”

ಅಕ್ಕ ಕೈಮುಗಿಯಲಿಲ್ಲ, ಅಳಲಿಲ್ಲ, ತಲೆಯನ್ನು ಮಾತ್ರ ಬೇಡವೆಂದು ಅಡ್ಡಡ್ಡ ಆಡಿಸಿದಳು. ನನ್ನ ನಾಲಿಗೆಯ ತುದಿಯಲ್ಲಿ ಆ ಎರಡಕ್ಷರ ಬಂದು ನಿಂತಿತ್ತು. ಅಷ್ಟರಲ್ಲಿ ಜೇಬಿನಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಭಾವ’ ಎಂದಿತ್ತು.

ಕಿವಿಗೆ ಹಿಡಿದೆ.

“ಸಿಐಡಿ,” ಭಾವ ಮೆಲ್ಲಗೆ ಹೇಳಿದರು. ಎಂದಿನ ನಗೆ ದನಿಯಲ್ಲಿ ಇರಲಿಲ್ಲ. “ಅಜ್ಜ ಕಣ್ಣು ಬಿಟ್ರು. ಏನೋ ಹೇಳೋಕೆ ನೋಡ್ತಿದಾರೆ.”

“ಡಾಕ್ಟ್ರನ್ನ ಕರೆದ್ರಾ ಭಾವ?”

“ಇನ್ನೂ ಇಲ್ಲ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿದೀನಿ.”

ಅವರ ಉಸಿರಿನ ಹಿಂದೆ ಇನ್ನೊಂದು ಉಸಿರು ಕೇಳುತ್ತಿತ್ತು. ಮುದಿ ಉಸಿರು, ತಡೆತಡೆದು ಬರುತ್ತಿತ್ತು.

“ಮೊದಲು ನೀನು ಒಂದು ಹೇಳು,” ಎಂದರು ಭಾವ. “ಯಾವ ಕ್ಯಾನ್ ಕೂರಲಿಲ್ಲ? ಬಿಳೀದಾ?”